ಹೃದಯದ ಸಾಕ್ಷಿ

ಪ್ರಾಚೀನ ಈಜಿಪ್ಟಿನ ಹೆಸರನ್ನು ಕೇಳಿದೊಡನೆ ಮುಗಿಲಿಗೆ ಮುಖ ಮಾಡಿ ನಿಂತ ಪಿರಮಿಡ್ಡುಗಳೂ ಸಾಲುಗಂಬಗಳ ದೇವಾಲಯಗಳೂ ಕಣ್ಣ ಮುಂದೆ ನಿಲ್ಲುತ್ತವೆ. ನೈಲ್ ನದಿಯ ದಂಡೆಯ ಮೇಲೆ ಸಾವಿರಾರು ವರ್ಷಗಳ ಹಿಂದೆ ತಲೆಯೆತ್ತಿದ ಆ ಕಟ್ಟಡಗಳು ಅರಸರ ಐಶ್ವರ್ಯವನ್ನೂ ಅಧಿಕಾರವನ್ನೂ ಇಂದಿಗೂ ಸಾರುತ್ತಿವೆ. ಆದರೆ ಆ ನಾಡಿನ ಜನ ಒಳಗೊಳಗೇ ಏನನ್ನು ನಂಬಿದ್ದರು, ಯಾವುದಕ್ಕೆ ಅಂಜುತ್ತಿದ್ದರು ಎಂಬುದನ್ನು ಅರಿಯಬೇಕಾದರೆ ಅಂಗೈಯಲ್ಲಿ ಹಿಡಿಸುವಂಥ ಸಣ್ಣ ವಸ್ತುಗಳ ಕಡೆಗೂ ಕಣ್ಣು ಹಾಯಿಸಬೇಕು.

ನ್ಯೂಯಾರ್ಕ್ ನಗರದ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಅಂಥದೊಂದು ವಸ್ತುವಿದೆ. ಅದು ಹಸಿರು ಛಾಯೆಯ ಸರ್ಪೆಂಟೈನ್ ಜಾತಿಯ ಕಲ್ಲಿನಲ್ಲಿ ಕಡೆದ ಒಂದು ಹುಳು. ಉದ್ದ ಸುಮಾರು ಆರೂವರೆ ಸೆಂಟಿಮೀಟರು. ಹುಳುವಿನ ತಲೆ, ಬೆನ್ನನ್ನು ಮುಚ್ಚಿರುವ ರೆಕ್ಕೆಗಳ ಕವಚ, ಮಡಿಸಿದ ಕಾಲುಗಳು ಎಲ್ಲವನ್ನೂ ಶಿಲ್ಪಿಯು ಜೀವಂತ ಹುಳುವನ್ನೇ ಎದುರಿಗಿಟ್ಟುಕೊಂಡು ಕಡೆದನೋ ಎಂಬಂತೆ ಮೂಡಿಸಿದ್ದಾನೆ. ಕಲ್ಲಿನ ಸುತ್ತ ಚಿನ್ನದ ಕಟ್ಟು ಇದೆ. ಅದಕ್ಕೆ ಚಿನ್ನದ ತಂತಿಯನ್ನು ಹೆಣೆದು ಮಾಡಿದ ಸರವಿದೆ. ಮಗುಚಿ ನೋಡಿದರೆ ಹುಳುವಿನ ಹೊಟ್ಟೆಯ ಭಾಗ ಸಮತಟ್ಟಾಗಿದ್ದು, ಅದರ ಮೇಲೆ ಸಾಲುಸಾಲಾಗಿ ಚಿತ್ರಲಿಪಿಯ ಅಕ್ಷರಗಳನ್ನು ಕೊರೆಯಲಾಗಿದೆ. ಕ್ರಿ.ಪೂ. 15ನೆಯ ಶತಮಾನದಲ್ಲಿ ಥೀಬ್ಸ್ ನಗರದಲ್ಲಿ ತೀರಿಕೊಂಡ ಹತ್ನೆಫರ್ ಎಂಬ ವೃದ್ಧೆಯೊಡನೆ ಗೋರಿಯನ್ನು ಸೇರಿದ ತಾಯಿತವಿದು.

ಹುಳುವಿನ ಆಕಾರದ ಇಂಥ ವಸ್ತುಗಳನ್ನು ವಿದ್ವಾಂಸರು ‘ಸ್ಕ್ಯಾರಬ್’ ಎಂದು ಕರೆಯುತ್ತಾರೆ. ಮೃತರ ಹೃದಯದ ರಕ್ಷಣೆಗಾಗಿ ಮಾಡಿದ ದೊಡ್ಡ ಸ್ಕ್ಯಾರಬ್‌ಗಳಿಗೆ ‘ಹೃದಯ ಸ್ಕ್ಯಾರಬ್’ ಎಂದು ಹೆಸರು. ಕಲ್ಲಿನಲ್ಲಿ ಕಡೆಸಿ, ಚಿನ್ನದಲ್ಲಿ ಕಟ್ಟಿಸಿ, ಎದೆಯ ಮೇಲೆ ಇರಿಸಲು ಆ ಜನ ಆರಿಸಿಕೊಂಡ ಹುಳು ಯಾವುದು? ಸಗಣಿಯಲ್ಲಿ ಹುಟ್ಟಿ, ಸಗಣಿಯನ್ನೇ ತಿಂದು ಬಾಳುವ ಸಗಣಿಹುಳು! ಜಗತ್ತು ಅತಿ ಹೀನವೆಂದು ಭಾವಿಸುವ ಪ್ರಾಣಿಗೆ ಈ ಗೌರವ ಹೇಗೆ ಬಂದಿತು?

ದನಗಳು ಮೇಯುವ ಬಯಲಿನಲ್ಲಿ ಓಡಾಡಿದವರಿಗೆ ಈ ಹುಳು ಅಪರಿಚಿತವಲ್ಲ. ಕನ್ನಡ ನಾಡಿನ ಹೊಲಗದ್ದೆಗಳ ಬದಿಯಲ್ಲಿಯೂ ಸಗಣಿಯ ಉಂಡೆಯನ್ನು ಉರುಳಿಸಿಕೊಂಡು ಹೋಗುವ ಇದರ ಬಂಧುಗಳನ್ನು ಕಾಣಬಹುದು. ಹುಳು ತನ್ನ ಮೈಗಿಂತ ದೊಡ್ಡದಾದ ಉಂಡೆಯನ್ನು ಕಟ್ಟುತ್ತದೆ. ತಲೆಕೆಳಗಾಗಿ ನಿಂತು ಹಿಂಗಾಲುಗಳಿಂದ ಅದನ್ನು ತಳ್ಳುತ್ತಾ ಹಿಮ್ಮುಖವಾಗಿ ಸಾಗುತ್ತದೆ. ದಾರಿಯಲ್ಲಿ ಉಂಡೆ ಜಾರಿ ಬಿದ್ದರೆ ಮತ್ತೆ ಹಿಡಿದು ತಳ್ಳುತ್ತದೆ. ಕೊನೆಗೆ ತಕ್ಕ ಸ್ಥಳದಲ್ಲಿ ಮಣ್ಣಿನೊಳಗೆ ಅದನ್ನು ಹೂಳುತ್ತದೆ. ಕೆಲವು ಕಾಲದ ಬಳಿಕ ಅದೇ ಮಣ್ಣಿನಿಂದ ಹೊಸ ಹುಳು ಹೊರಗೆ ಬರುತ್ತದೆ.

ಈಜಿಪ್ಟಿನವರು ಈ ದೃಶ್ಯವನ್ನು ನೋಡಿದರು, ಆಕಾಶವನ್ನೂ ನೋಡಿದರು. ಅಲ್ಲಿಯೂ ಉಜ್ವಲವಾದ ಒಂದು ಗೋಳ ಮೂಡಣದಿಂದ ಪಡುವಣಕ್ಕೆ ಉರುಳುತ್ತದೆ. ಸಂಜೆ ಭೂಮಿಯೊಳಗೆ ಇಳಿದು ಮಾಯವಾಗುತ್ತದೆ. ಮರುದಿನ ಹೊಸದಾಗಿ ಹುಟ್ಟಿ ಬರುತ್ತದೆ. ಕಾಣದ ದೈವೀ ಹುಳುವೊಂದು ಸೂರ್ಯನನ್ನು ತಳ್ಳಿಕೊಂಡು ಹೋಗುತ್ತಿರಬೇಕೆಂದು ಅವರು ಕಲ್ಪಿಸಿದರು. ಸೂರ್ಯೋದಯದ ದೇವತೆಗೆ ಖೆಪ್ರಿ ಎಂದು ಹೆಸರಿಟ್ಟು, ಅವನ ಮುಖದ ಸ್ಥಾನದಲ್ಲಿ ಇಡೀ ಹುಳುವನ್ನೇ ಚಿತ್ರಿಸಿದರು. ಅವರ ಲಿಪಿಯಲ್ಲಿ ಹುಳುವಿನ ಚಿತ್ರವನ್ನು ಬರೆದರೆ ‘ಖೆಪೆರ್’ ಎಂದು ಓದಬೇಕು. ‘ಆಗು’, ‘ಉಂಟಾಗು’ ಎಂಬುದು ಆ ಮಾತಿನ ಅರ್ಥ. ಹೀಗೆ ಸಗಣಿಹುಳು ಸಾವಿನಿಂದ ಮರಳಿ ಬರುವ ಜೀವದ ಸಂಕೇತವಾಯಿತು.

ಅವರ ಅವಲೋಕನ ಸೂಕ್ಷ್ಮವಾದುದಾದರೂ ಪೂರ್ಣವಾಗಿರಲಿಲ್ಲ. ಹುಳು ಬಯಲಿನಲ್ಲಿ ಉರುಳಿಸುವ ಉಂಡೆ ಸಾಮಾನ್ಯವಾಗಿ ಅದರ ಆಹಾರ. ಮೊಟ್ಟೆ ಇರುವುದು ತಾಯಿಹುಳು ನೆಲದೊಳಗೆ ಪ್ರತ್ಯೇಕವಾಗಿ ಕಟ್ಟುವ ಪೇರು ಹಣ್ಣಿನಾಕಾರದ ಉಂಡೆಯಲ್ಲಿ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಕೀಟಶಾಸ್ತ್ರಜ್ಞ ಝಾನ್ ಆನ್ರಿ ಫಾಬ್ರ್ ಬಹುಕಾಲ ತಾಳ್ಮೆಯಿಂದ ಗಮನಿಸಿ ಈ ಸಂಗತಿಯನ್ನು ಹೊರಗೆಡಹಿದರು. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಇನ್ನೂ ಸೋಜಿಗದ ವಿಷಯವನ್ನು ತಿಳಿಸಿತು. ದಕ್ಷಿಣ ಆಫ್ರಿಕದ ಒಂದು ಜಾತಿಯ ಸಗಣಿಹುಳು ಚಂದ್ರನಿಲ್ಲದ ರಾತ್ರಿಗಳಲ್ಲಿ ಆಕಾಶಗಂಗೆಯ ಬೆಳಕನ್ನು ಆಧರಿಸಿ ನೇರವಾಗಿ ದಾರಿ ಹಿಡಿಯುತ್ತದೆ. ಈ ಹುಳುವಿಗೂ ಆಕಾಶಕ್ಕೂ ನಂಟು ಕಲ್ಪಿಸಿದ ಆ ಪ್ರಾಚೀನರು ಇದನ್ನು ಕೇಳಿದ್ದರೆ ಎಷ್ಟು ಹಿಗ್ಗುತ್ತಿದ್ದರೋ!

ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈಜಿಪ್ಟಿನಲ್ಲಿ ಸ್ಕ್ಯಾರಬ್‌ಗಳ ಬಳಕೆ ವ್ಯಾಪಕವಾಗಿತ್ತು. ಮೆತ್ತನೆಯ ಬಳಪದ ಕಲ್ಲಿನಲ್ಲಿ ಕೆತ್ತಿ, ಹೊಳಪಿನ ಲೇಪ ಕೊಟ್ಟ ಚಿಕ್ಕ ಸ್ಕ್ಯಾರಬ್‌ಗಳನ್ನು ಜನ ಉಂಗುರಗಳಲ್ಲಿ ಕೂರಿಸಿ ಧರಿಸುತ್ತಿದ್ದರು. ಅಧಿಕಾರಿಗಳು ಅವುಗಳ ಅಡಿಯಲ್ಲಿ ತಮ್ಮ ಹೆಸರನ್ನೂ ಪದವಿಯನ್ನೂ ಕೊರೆಯಿಸಿ, ಹಸಿಮಣ್ಣಿನ ಮೇಲೆ ಒತ್ತಿ ಮುದ್ರೆ ಹಾಕುತ್ತಿದ್ದರು. ಕ್ರಿ.ಪೂ. 14ನೆಯ ಶತಮಾನದ ಮೂರನೆಯ ಅಮೆನ್‌ಹೋಟೆಪ್ ಎಂಬ ಅರಸನಂತೂ ತನ್ನ ಸಾಧನೆಗಳನ್ನು ದೊಡ್ಡ ಸ್ಕ್ಯಾರಬ್‌ಗಳ ಮೇಲೆ ಬರೆಯಿಸಿ ಪ್ರಚುರಪಡಿಸಿದನು. ತನ್ನ ಆಳಿಕೆಯ ಮೊದಲ ಹತ್ತು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಸಿಂಹಗಳನ್ನು ಬೇಟೆಯಾಡಿದುದಾಗಿ ಅವನು ಅವುಗಳಲ್ಲಿ ಸಾರಿಕೊಂಡಿದ್ದಾನೆ. ಅವನ ಇಂಥ ಇನ್ನೂರಕ್ಕೂ ಹೆಚ್ಚು ಸ್ಕ್ಯಾರಬ್‌ಗಳು ಇಂದು ದೊರೆತಿವೆ. ಆದರೆ ಹೃದಯ ಸ್ಕ್ಯಾರಬ್‌ನ ಕಾರ್ಯವೇ ಬೇರೆ. ಅದರ ಮೇಲಿನ ಬರಹದಲ್ಲಿ ಜಂಬವಿಲ್ಲ, ಬೇಡಿಕೆಯಿದೆ.

ಆ ಬೇಡಿಕೆಯನ್ನು ತಿಳಿಯಲು ಹೃದಯದ ವಿಷಯದಲ್ಲಿ ಈಜಿಪ್ಟಿನವರಿಗಿದ್ದ ಭಾವನೆಯನ್ನು ಅರಿಯಬೇಕು. ಶವವನ್ನು ಕೆಡದಂತೆ ಕಾಪಾಡುವ ವಿದ್ಯೆಯಲ್ಲಿ ಅವರು ನಿಪುಣರು. ಶ್ವಾಸಕೋಶ, ಯಕೃತ್ತು, ಜಠರ, ಕರುಳುಗಳನ್ನು ಹೊರತೆಗೆದು ಬೇರೆ ಬೇರೆ ಪಾತ್ರೆಗಳಲ್ಲಿ ಇಡುತ್ತಿದ್ದರು. ಮಿದುಳನ್ನು ಮೂಗಿನ ಮೂಲಕ ತೆಗೆದು ಎಸೆದುಬಿಡುತ್ತಿದ್ದರು. ಹೃದಯವನ್ನು ಮಾತ್ರ ದೇಹದಲ್ಲಿಯೇ ಉಳಿಸುತ್ತಿದ್ದರು. ಆಲೋಚನೆ, ನೆನಪು, ಸಂಕಲ್ಪ ಎಲ್ಲಕ್ಕೂ ಹೃದಯವೇ ನೆಲೆ ಎಂಬುದು ಅವರ ನಂಬಿಕೆ. ಮನುಷ್ಯನು ಬಾಳಿನಲ್ಲಿ ಮಾಡಿದ ಒಳಿತು ಕೆಡುಕುಗಳನ್ನೆಲ್ಲ ಬಲ್ಲದ್ದು ಅದೊಂದೇ.

ಸತ್ತ ಮೇಲೆ ಪ್ರತಿಯೊಬ್ಬನೂ ಪರಲೋಕದ ಅಧಿಪತಿಯಾದ ಒಸೈರಿಸ್ ದೇವನ ಮುಂದೆ ನಿಲ್ಲಬೇಕು. ಅಲ್ಲಿ ನಲವತ್ತೆರಡು ಮಂದಿ ನ್ಯಾಯದೇವತೆಗಳು ಕುಳಿತಿರುತ್ತಾರೆ. ಕೊಲೆ ಮಾಡಿಲ್ಲವೆಂದೂ, ಸುಳ್ಳಾಡಿಲ್ಲವೆಂದೂ, ತೂಕದಲ್ಲಿ ಮೋಸ ಮಾಡಿಲ್ಲವೆಂದೂ, ಹರಿಯುವ ನೀರಿಗೆ ಅಡ್ಡ ಕಟ್ಟಿಲ್ಲವೆಂದೂ, ಹಸುಗೂಸಿನ ಬಾಯಿಂದ ಹಾಲನ್ನು ಕಿತ್ತುಕೊಂಡಿಲ್ಲವೆಂದೂ ಮೃತನು ಅವರೆದುರು ಹೇಳಬೇಕು. ಬಾಯಿ ಏನನ್ನು ಬೇಕಾದರೂ ಹೇಳೀತು. ಆದ್ದರಿಂದ ಅವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ತೂಗುತ್ತಾರೆ. ಇನ್ನೊಂದು ತಟ್ಟೆಯಲ್ಲಿರುವುದು ಒಂದು ಗರಿ. ಅದು ಸತ್ಯ ಮತ್ತು ನ್ಯಾಯಗಳ ದೇವತೆಯಾದ ಮಾಅತಳ ಗರಿ. ನರಿಯನ್ನು ಹೋಲುವ ತಲೆಯ ಅನುಬಿಸ್ ದೇವನು ತಕ್ಕಡಿಯ ಮುಳ್ಳನ್ನು ನೋಡುತ್ತಾನೆ. ಲಿಪಿಕಾರನಾದ ಥೋತ್ ದೇವನು ಫಲವನ್ನು ಬರೆದುಕೊಳ್ಳುತ್ತಾನೆ. ಸಮತೂಕವಾದರೆ ಮೃತನಿಗೆ ಶಾಶ್ವತ ಜೀವನ. ಪಾಪದಿಂದ ಹೃದಯ ಭಾರವಾದರೆ, ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರ್ಗುದುರೆಯ ಹಿಂಭಾಗವುಳ್ಳ ಅಮ್ಮಿತ್ ಎಂಬ ಭಯಂಕರ ಪ್ರಾಣಿ ಅದನ್ನು ನುಂಗಿಬಿಡುತ್ತದೆ. ಆ ಮೇಲೆ ಅವನಿಗೆ ಇರವೇ ಇಲ್ಲ.

ಈ ವಿಚಾರಣೆಯಲ್ಲಿ ಈಜಿಪ್ಟಿನವನು ಎಲ್ಲಕ್ಕಿಂತ ಹೆಚ್ಚಾಗಿ ಹೆದರಿದ್ದು ತನ್ನ ಹೃದಯಕ್ಕೆ. ಹೊರಗಿನ ಸಾಕ್ಷಿಗಳನ್ನು ತಪ್ಪಿಸಿಕೊಳ್ಳಬಹುದು. ಹುಟ್ಟಿದಂದಿನಿಂದ ಜೊತೆಗಿರುವ ಈ ಸಾಕ್ಷಿಯಿಂದ ತಪ್ಪಿಸಿಕೊಳ್ಳುವುದು ಹೇಗೆ? ಹೃದಯ ಸ್ಕ್ಯಾರಬ್‌ನ ಅಡಿಯಲ್ಲಿ ಕೊರೆದ ಬರಹ ಇದಕ್ಕಾಗಿಯೇ ಹುಟ್ಟಿದ್ದು. ಅದರಲ್ಲಿ ಮೃತನು ದೇವತೆಗಳನ್ನು ಉದ್ದೇಶಿಸದೆ ತನ್ನ ಹೃದಯವನ್ನೇ ಉದ್ದೇಶಿಸಿ ಮಾತನಾಡುತ್ತಾನೆ. ಅದನ್ನು ತಾಯಿಯಿಂದ ಬಂದ ಹೃದಯವೆಂದು ಕರೆದು, ವಿಚಾರಣೆಯ ವೇಳೆ ತನಗೆ ವಿರುದ್ಧವಾಗಿ ಸಾಕ್ಷಿ ನುಡಿಯಬಾರದೆಂದು ಅಂಗಲಾಚುತ್ತಾನೆ. ಈ ಮಂತ್ರವು ‘ಮೃತರ ಗ್ರಂಥ’ವೆಂದು ಹೆಸರಾದ ಮಂತ್ರಸಂಗ್ರಹದ 30ನೆಯ ಅಧ್ಯಾಯದಲ್ಲಿದೆ. ತಾಯಿತವನ್ನು ಹಸಿರು ಕಲ್ಲಿನಲ್ಲಿ ಮಾಡಿ ಅಮೂಲ್ಯ ಲೋಹದಲ್ಲಿ ಕಟ್ಟಿಸಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ಹಸಿರು ಚಿಗುರಿನ ಬಣ್ಣ, ಮರುಹುಟ್ಟಿನ ಬಣ್ಣ. 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೋ ಚಿತ್ರಲಿಪಿಯ ಗುಟ್ಟನ್ನು ಭೇದಿಸಿದ ಮೇಲೆ, ಅದುವರೆಗೆ ಮೂಕವಾಗಿದ್ದ ಇಂಥ ಬರಹಗಳು ಮತ್ತೆ ಮಾತನಾಡತೊಡಗಿದವು.

ಹತ್ನೆಫರಳ ತಾಯಿತ ಬೆಳಕಿಗೆ ಬಂದದ್ದು 1936ರಲ್ಲಿ. ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದ ಪುರಾತತ್ತ್ವಜ್ಞರಾದ ಆಂಬ್ರೋಸ್ ಲ್ಯಾನ್ಸಿಂಗ್ ಮತ್ತು ವಿಲಿಯಂ ಹೇಯ್ಸ್ ಅವರು ಇಂದಿನ ಲಕ್ಸರ್ ನಗರದ ಎದುರು, ನೈಲ್ ನದಿಯ ಪಶ್ಚಿಮಕ್ಕಿರುವ ಗುಡ್ಡದ ಇಳಿಜಾರಿನಲ್ಲಿ ಅಗೆಯುತ್ತಿದ್ದಾಗ, ಕಳ್ಳರ ಕೈಗೆ ಸಿಕ್ಕದೆ ಉಳಿದಿದ್ದ ಒಂದು ಪುಟ್ಟ ಗೋರಿ ಕಂಡುಬಂದಿತು. ಬಂಡೆಯಲ್ಲಿ ಕೊರೆದ ಆ ಕೋಣೆಯೊಳಗೆ ನಾರುಬಟ್ಟೆಗಳ ಪೆಟ್ಟಿಗೆಗಳು, ಆಹಾರ ಪಾನೀಯಗಳ ಪಾತ್ರೆಗಳು, ಮಂತ್ರಗಳನ್ನು ಬರೆದ ಸುರುಳಿಗಳು ಇದ್ದವು. ಶವದ ಮುಖಕ್ಕೆ ಚಿನ್ನದ ಲೇಪದ ಮುಖವಾಡವಿತ್ತು. ಆಕೆಯ ಮರದ ಕುರ್ಚಿಯೂ ಅಲ್ಲಿಯೇ ದೊರೆಯಿತು. ಕೆಲವು ಪಾತ್ರೆಗಳ ಮೇಲೆ ರಾಣಿ ಹತ್ಶೆಪ್ಸುತಳ ಮುದ್ರೆಗಳಿದ್ದುದರಿಂದ ಗೋರಿಯ ಕಾಲವನ್ನು ಗೊತ್ತುಮಾಡುವುದು ಸಾಧ್ಯವಾಯಿತು.

ಹತ್ನೆಫರ್ ರಾಣಿಯಲ್ಲ, ರಾಜವಂಶದವಳೂ ಅಲ್ಲ. ಬರಹಗಳಲ್ಲಿ ಆಕೆಗಿರುವ ಬಿರುದು ‘ಮನೆಯೊಡತಿ’ ಎಂಬುದೊಂದೇ. ತೀರಿಕೊಂಡಾಗ ಆಕೆಗೆ ಸುಮಾರು ಅರವತ್ತು ವರ್ಷ. ಅದೇ ಕೋಣೆಯಲ್ಲಿ ಆಕೆಯ ಪತಿ ರಾಮೋಸೆಯದೂ ಸೇರಿದಂತೆ ಇನ್ನೂ ಹಲವು ಶವಗಳಿದ್ದವು. ಅವೆಲ್ಲವೂ ಮೊದಲು ಬೇರೆ ಕಡೆ ಹೂಳಲ್ಪಟ್ಟಿದ್ದು, ಅನಂತರ ಅವಸರದಲ್ಲಿ ಬಟ್ಟೆ ಸುತ್ತಿ ಅಲ್ಲಿಗೆ ತಂದವು. ಗಂಡನು ತೀರಿಕೊಂಡಾಗ ಆ ಸಂಸಾರಕ್ಕೆ ಒಳ್ಳೆಯ ಗೋರಿಯನ್ನು ಮಾಡಿಸುವ ಅನುಕೂಲವಿರಲಿಲ್ಲ. ಹೆಂಡತಿ ತೀರಿಕೊಳ್ಳುವ ಹೊತ್ತಿಗೆ ಚಿನ್ನದ ಮುಖವಾಡ ಮಾಡಿಸುವಷ್ಟು ಸಂಪತ್ತು ಬಂದಿತ್ತು. ಇದಕ್ಕೆ ಕಾರಣ ಮಗ ಸೆನೆನ್‌ಮುತ್.

ಸೆನೆನ್‌ಮುತ್ ಸಾಮಾನ್ಯ ಕುಟುಂಬದಿಂದ ಬಂದು ಹತ್ಶೆಪ್ಸುತಳ ಆಳಿಕೆಯಲ್ಲಿ ರಾಜ್ಯದ ಅತ್ಯಂತ ಪ್ರಭಾವಶಾಲಿಗಳಲ್ಲಿ ಒಬ್ಬನಾದನು. ರಾಣಿಯ ಆಸ್ತಿಪಾಸ್ತಿಗಳ ಮಹಾವ್ಯವಸ್ಥಾಪಕನಾಗಿ, ರಾಜಕುಮಾರಿ ನೆಫೆರುರೆಯ ಪಾಲಕನೂ ಗುರುವೂ ಆಗಿ, ದೊಡ್ಡ ದೊಡ್ಡ ಕಟ್ಟಡ ಕಾರ್ಯಗಳ ಮೇಲ್ವಿಚಾರಕನಾಗಿ ಮೆರೆದನು. ಅಧಿಕಾರ ಬಂದ ಮೇಲೂ ಅವನು ಹೆತ್ತವರನ್ನು ಮರೆಯಲಿಲ್ಲ. ತನ್ನ ಗೋರಿಮಂದಿರದ ಬುಡದಲ್ಲಿಯೇ ತಾಯಿಗೆ ವಿಶ್ರಾಂತಿಯ ನೆಲೆಯನ್ನು ಕಲ್ಪಿಸಿದನು. ಬಡತನದಲ್ಲಿ ಹೂಳಲ್ಪಟ್ಟಿದ್ದ ತಂದೆಯನ್ನು ತಾಯಿಯ ಬಳಿಗೆ ತರಿಸಿದನು.

ಆದರೆ ಮಗನ ವೈಭವ ಶಾಶ್ವತವಾಗಿ ಉಳಿಯಲಿಲ್ಲ. ಹತ್ಶೆಪ್ಸುತಳ ಆಳಿಕೆ ಮುಗಿಯುವ ಮೊದಲೇ ದಾಖಲೆಗಳಿಂದ ಅವನು ಮರೆಯಾಗುತ್ತಾನೆ. ಅವನ ಸ್ಮಾರಕಗಳ ಮೇಲಿದ್ದ ಹೆಸರನ್ನು ಅನೇಕ ಕಡೆ ಉಳಿಯಿಂದ ಕೆತ್ತಿ ಅಳಿಸಲಾಯಿತು. ಅವನಿಗಾಗಿ ಸಿದ್ಧವಾಗಿದ್ದ ಕಲ್ಲಿನ ಶವಪೆಟ್ಟಿಗೆ ಚೂರುಚೂರಾಗಿ ದೊರೆಯಿತು. ಅವನ ದೇಹ ದೊರೆಯಲಿಲ್ಲ. ಹೆಸರು ಅಳಿದರೆ ಮನುಷ್ಯನೇ ಅಳಿದಂತೆ ಎಂದು ಈಜಿಪ್ಟಿನವರು ಭಾವಿಸುತ್ತಿದ್ದರೆಂಬುದನ್ನು ನೆನೆದರೆ ಈ ಶಿಕ್ಷೆಯ ಕ್ರೌರ್ಯ ಅರ್ಥವಾಗುತ್ತದೆ. ಮೆರೆದ ಮಗನ ಹೆಸರು ಅಳಿಸುವವರ ಉಳಿಗೆ ಸಿಕ್ಕಿತು. ಮನೆಯೊಡತಿಯಾದ ತಾಯಿಯ ಹೆಸರು ಮಣ್ಣಿನಡಿಯಲ್ಲಿ ಸುರಕ್ಷಿತವಾಗಿ ಉಳಿಯಿತು.

ಇನ್ನೊಂದು ವಿಚಿತ್ರವೂ ಈ ತಾಯಿತದಲ್ಲಿದೆ. ಬರಹದಲ್ಲಿ ಹತ್ನೆಫರಳ ಹೆಸರಿರುವ ಜಾಗವನ್ನು ಪರೀಕ್ಷಿಸಿದಾಗ, ಅಲ್ಲಿ ಮೊದಲಿದ್ದ ಅಕ್ಷರಗಳನ್ನು ಉಜ್ಜಿ ತೆಗೆದು ಆಕೆಯ ಹೆಸರನ್ನು ಕೊರೆದಿರುವುದು ಕಂಡುಬಂದಿತು. ಎಂದರೆ ಈ ಕಲ್ಲನ್ನು ಮೊದಲು ಸಿದ್ಧಪಡಿಸಿದ್ದು ಬೇರೆಯವರಿಗಾಗಿ. ತಮ್ಮ ಹೃದಯಕ್ಕೆ ಮೊರೆಯಿಡಲು ಅವರು ಬರೆಯಿಸಿದ ಮಾತುಗಳು ಹತ್ನೆಫರಳ ಪಾಲಿಗೆ ಬಂದವು. ಹೆಸರು ಬದಲಾಯಿತು, ಮೊರೆ ಬದಲಾಗಲಿಲ್ಲ. ಮೊರೆಯ ಮಾತು ಯಾರ ಹೆಸರಿಗಾದರೂ ಹೊಂದಿಕೊಳ್ಳುವಂತಿತ್ತು. ಏಕೆಂದರೆ ಹೃದಯದ ಸಾಕ್ಷಿಗೆ ಅಂಜದವರು ಯಾರೂ ಇರಲಿಲ್ಲ.

ಸಾಕ್ಷಿಯ ಬಾಯಿ ಕಟ್ಟಲು ತಾಯಿತವನ್ನು ಮಾಡಿಸುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಏಳದಿರದು. ಒಳ್ಳೆಯ ಕಲ್ಲನ್ನೂ ಚಿನ್ನವನ್ನೂ ತರಬಲ್ಲವನಿಗೆ ಪರಲೋಕದ ನ್ಯಾಯಸ್ಥಾನದಲ್ಲಿಯೂ ಒಂದು ಅನುಕೂಲ ದೊರೆಯುತ್ತಿತ್ತೆಂಬ ಟೀಕೆಯಲ್ಲಿ ಹುರುಳಿದೆ. ಬಡ ರೈತನ ಗೋರಿಯಲ್ಲಿ ಹಸಿರು ಕಲ್ಲಿನ ಹುಳು ಎಲ್ಲಿಂದ ಬರಬೇಕು? ಆದರೂ ಆ ಬರಹವೇ ಬೇರೊಂದು ಸತ್ಯವನ್ನು ಒಪ್ಪಿಕೊಳ್ಳುತ್ತದೆ. ನಿಜವನ್ನು ಬಲ್ಲ ಸಾಕ್ಷಿಯನ್ನು ಮಾತ್ರವೇ ಮನುಷ್ಯನು ಸುಮ್ಮನಿರೆಂದು ಬೇಡುತ್ತಾನೆ. ಏನೂ ಅರಿಯದ ಸಾಕ್ಷಿಗೆ ಯಾರು ತಾನೇ ಕೈಮುಗಿದಾರು? ಗುಡ್ಡದಂಥ ಕಲ್ಲುಗಳನ್ನು ಸಾಗಿಸಿ, ದೇಹವನ್ನು ಸಾವಿರಾರು ವರ್ಷ ಕೆಡದಂತೆ ಕಾಪಾಡಿದ ಆ ಸಮರ್ಥ ಜನಾಂಗ ಎದೆಯೊಳಗಿನ ಒಂದು ಹಿಡಿ ಗಾತ್ರದ ಸಾಕ್ಷಿಯ ಮುಂದೆ ಹೀಗೆ ತಲೆಬಾಗಿತು.

ನಿಜವನ್ನೇ ನುಡಿ ಎಂದು ಒತ್ತಾಯಿಸುವಾಗ ಕನ್ನಡಿಗರು ‘ಎದೆ ಮುಟ್ಟಿಕೊಂಡು ಹೇಳು’ ಎನ್ನುತ್ತಾರೆ. ಹತ್ನೆಫರಳ ತಾಯಿತಕ್ಕೆ ಗೊತ್ತಾಗಿದ್ದ ಸ್ಥಳವೂ ಅದೇ ಎದೆ. ದೇಶ ಬೇರೆ, ಕಾಲ ಬೇರೆ, ನಂಬಿಕೆ ಬೇರೆ. ಆದರೆ ಸುಳ್ಳಾಡಿದಾಗ ಡವಗುಟ್ಟುವ ಎದೆ ಎಲ್ಲೆಡೆಯೂ ಒಂದೇ. ಸಗಣಿಹುಳುವಿನಲ್ಲಿ ಸೂರ್ಯನನ್ನು ಕಂಡ ಆ ಜನ, ಕಲ್ಲಿನ ಮೇಲಿನ ಹೆಸರನ್ನು ಅಳಿಸಿ ಮತ್ತೊಂದನ್ನು ಬರೆಯಬಲ್ಲವರಾಗಿದ್ದರು. ಹೃದಯವು ಬರೆದಿಟ್ಟುಕೊಂಡದ್ದನ್ನು ಅಳಿಸುವ ಉಳಿ ಮಾತ್ರ ಅವರ ಬಳಿ ಇರಲಿಲ್ಲ. ಆದುದರಿಂದಲೇ ಅವರು ಅದನ್ನು ಬೇಡಿಕೊಂಡರು. ಬೇಡಿಕೊಳ್ಳಬೇಕಾದ ಸಂದರ್ಭವೇ ಬಾರದಂತೆ ಬಾಳುವುದು ಇನ್ನೂ ಮೇಲಾದ ದಾರಿ ಎಂಬುದನ್ನು ಗರಿಯೊಂದಿಗೆ ತೂಗುವ ಆ ತಕ್ಕಡಿ ಸೂಚಿಸುತ್ತದೆ.

ಶಬ್ದಾರ್ಥ

ತಾಯಿತ – ರಕ್ಷಣೆಗಾಗಿ ಧರಿಸುವ ವಸ್ತು
ಛಾಯೆ – ಬಣ್ಣದ ಎಳೆ
ಅವಲೋಕನ – ಗಮನಿಸಿ ನೋಡುವುದು
ಪ್ರಚುರಪಡಿಸು – ಎಲ್ಲರಿಗೂ ತಿಳಿಯುವಂತೆ ಮಾಡು
ಯಕೃತ್ತು – ಪಿತ್ತಜನಕಾಂಗ
ಅಂಗಲಾಚು – ದೈನ್ಯದಿಂದ ಬೇಡು
ಇರವು – ಅಸ್ತಿತ್ವ
ಹುರುಳು – ಸಾರ, ಅರ್ಥ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಖೆಪೆರ್’ ಎಂಬ ಮಾತಿನ ಅರ್ಥವೇನು?
2. ಶವವನ್ನು ಕಾಪಾಡುವಾಗ ಈಜಿಪ್ಟಿನವರು ಹೃದಯವನ್ನು ಏನು ಮಾಡುತ್ತಿದ್ದರು?
3. ಹತ್ನೆಫರಳಿಗೆ ಇದ್ದ ಬಿರುದು ಯಾವುದು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸಗಣಿಹುಳುವು ಮರುಹುಟ್ಟಿನ ಸಂಕೇತವಾದುದು ಹೇಗೆ?
2. ಪರಲೋಕದಲ್ಲಿ ನಡೆಯುವ ವಿಚಾರಣೆಯನ್ನು ವರ್ಣಿಸಿರಿ.
3. ತಾಯಿ ಮತ್ತು ಮಗನ ಹೆಸರುಗಳಿಗೆ ಒದಗಿದ ಗತಿಯನ್ನು ಹೋಲಿಸಿರಿ.

ಇ. ಸಂದರ್ಭದೊಡನೆ ವಿವರಿಸಿರಿ.
1. “ಅದರ ಮೇಲಿನ ಬರಹದಲ್ಲಿ ಜಂಬವಿಲ್ಲ, ಬೇಡಿಕೆಯಿದೆ.”
2. “ಹೆಸರು ಬದಲಾಯಿತು, ಮೊರೆ ಬದಲಾಗಲಿಲ್ಲ.”

ಈ. ಬಿಡಿಸಿ ಬರೆದು ಸಂಧಿಯ ಹೆಸರನ್ನು ತಿಳಿಸಿರಿ.
ವಸ್ತುಸಂಗ್ರಹಾಲಯ, ಸೂರ್ಯೋದಯ, ಅತ್ಯಂತ, ಅಂಗೈಯಲ್ಲಿ

ಉ. ತದ್ಭವ ರೂಪಗಳನ್ನು ಬರೆಯಿರಿ.
ಅಕ್ಷರ, ಕಾರ್ಯ